ಕಾಣೆ

ಹಗಲು ನನ್ನ ಕೆಲಸ ತೂಕದ ಕಲ್ಲುಗಳನ್ನು ತೂಗುವುದು.
ಬಂದರಿನ ಧಕ್ಕೆಯಲ್ಲಿ, ಸ್ಟೇಟ್‌ಬ್ಯಾಂಕ್ ಮಾರ್ಕೆಟ್ಟಿನಲ್ಲಿ
ಬುಡದ ಸೀಸ ಕೆರೆದವರು ಯಾರು,
ತಟ್ಟೆಯಡಿ ಅಯಸ್ಕಾಂತ ಅಂಟಿಸಿದವರು ಯಾರು,
ಹುಡುಕಿ, ಬರೆದು, ದಂಡ ಹಾಕಿ,
ಕೈ ತೊಳೆದರೂ ಹೋಗದ ಬಂಗುಡೆ ವಾಸನೆಯೊಂದಿಗೆ
ಐದೂವರೆಯ ಬಸ್ಸು ಹಿಡಿದು ಕಾವೂರಿಗೆ.

ರಾತ್ರಿ ಹತ್ತರ ಮೇಲೆ ನಾನು ವಾರಿಜಾ ಮೇಡಂ ಅಲ್ಲ.
ನಾಲ್ವರ ತಂಡದಲ್ಲಿ ನಾಲ್ಕನೆಯವಳು,
ಕೈಯಲ್ಲಿ ದೂರದ ಗುರಿಯ ಬಂದೂಕು,
ಹೆಸರು ಕಾಣೆ.
ಮೀನಿನ ಹೆಸರೆಂದು ಇಟ್ಟದ್ದು. ಹುಡುಗರಿಗೆ ಅದೇ ತಮಾಷೆ:
'ಕಾಣೆ ಎಲ್ಲಿ?' 'ಕಾಣೆ ಕಾಣೆ!'
ಹಳಸಿದ ಜೋಕಿಗೆ ದಿನಾ ನಗುತ್ತೇವೆ.

ತಂಡದ ಕಣ್ಣು ನವಾಫ್. ತೋಟ ಬೆಂಗ್ರೆಯವನು,
ಹತ್ತೊಂಬತ್ತು ವರ್ಷ, ಧಕ್ಕೆಯಲ್ಲಿ ಐಸ್ ಒಡೆಯುವ ಕೆಲಸ.
'ಅಕ್ಕ, ಎಡಕ್ಕೆ, ಗೋಡೆ ಹಿಂದೆ ಒಬ್ಬ ಕೂತಿದ್ದಾನೆ.'
ಇದ್ದ. ಕೂತೇ ಇದ್ದ.
'ಮೆಟ್ಟಿಲ ಮೇಲೆ ಇಬ್ಬರು, ಒಬ್ಬನಿಗೆ ಅರ್ಧ ಜೀವ.'
ಇದ್ದರು. ಅರ್ಧವೇ ಇತ್ತು.
ಎಂಥ ಕಿವಿ ಹುಡುಗನದು ಅಂದುಕೊಂಡೆ.
ಸಾಲಾಗಿ ಹದಿಮೂರು ಗೆಲುವು.

ಹದಿಮೂರು ಸಲ ಒಂದೇ ಕಡೆ ವಾಲಿದ ತಕ್ಕಡಿಯನ್ನು
ಹಗಲಾಗಿದ್ದರೆ ಬಿಚ್ಚಿ ನೋಡುತ್ತಿದ್ದೆ.
ರಾತ್ರಿ ನೋಡಲಿಲ್ಲ.
ನೋಡಲು ಬಾರದೆ ಅಲ್ಲ.

ಉಳಿದಿಬ್ಬರು ಊಟಕ್ಕೆ ಎದ್ದಾಗ ಕೇಳಿಯೇಬಿಟ್ಟೆ.
ಅವನು ಮುಚ್ಚಿಡಲಿಲ್ಲ, ಪಾಪ.
'ಎಂತ ಮಾಡುದು ಅಕ್ಕ, ನಾವು ಹೊಳೆ ಆಚೆಯವರು,
ನಾನು ಗುಂಡಿ ಒತ್ತಿ ಕಾಲು ಸೆಕೆಂಡು ಆದ ಮೇಲೆ ಗುಂಡು ಹೊರಡುದು.
ಅಷ್ಟರಲ್ಲಿ ಎದುರಿನವ ಮನೆಗೆ ಹೋಗಿ ಚಾ ಕುಡಿದು ಬರ್ತಾನೆ.
ಅವರಿಗೆ ಕದ್ರಿಯಲ್ಲಿ ಫೈಬರ್ ಉಂಟು, ಲಕ್ಷದ ಮೆಷಿನ್ ಉಂಟು,
ಅದು ಮೋಸ ಅಲ್ವಾ?
ಗೋಡೆ ಸ್ವಲ್ಪ ತೆಳು ಮಾಡಿಕೊಂಡೆ, ಅಷ್ಟೆ.
ಹೊಳೆ ತಿಂದದ್ದನ್ನು ವಾಪಸ್ ತಕೊಂಡೆ.'

ಹೊಳೆ ತಿಂದದ್ದೆಷ್ಟು, ನೀನು ತಕೊಂಡದ್ದೆಷ್ಟು?
ಅದನ್ನು ತೂಗುವ ಕಲ್ಲು ನನ್ನ ಚೀಲದಲ್ಲಿರಲಿಲ್ಲ.

ಬೇಬಿಯಕ್ಕ ಕಿಲೋ ತೂಗಿ ಮೇಲಿಂದ ಎರಡು ಬೂತಾಯಿ ಎಸೆಯುತ್ತಾಳೆ.
ಕೊಸರು. ಗಿರಾಕಿಗೆ ಗೊತ್ತು, ಅವಳಿಗೆ ಗೊತ್ತು,
ಪಕ್ಕದ ಬುಟ್ಟಿಯವಳ ಹೊಟ್ಟೆಯುರಿಯೂ ಬಹಿರಂಗ.
ಇಲ್ಲದ ರೇಟು ಹೇಳುವುದು,
ಗಿರಾಕಿ ಹೋದ ಹಾಗೆ ಮಾಡಿ ತಿರುಗಿ ಬರುವುದು,
ಅದೆಲ್ಲ ಆಟ, ಅದಕ್ಕೆ ದಂಡವಿಲ್ಲ.
ಹುಲ್ಲಲ್ಲಿ ಹತ್ತು ನಿಮಿಷ ಮಲಗಿ ಬೆನ್ನಿಗೆ ಹೊಡೆದವನನ್ನು
ಹೇಡಿ ಎಂದು ಬೈದಿದ್ದೇನೆ, ಕಳ್ಳ ಅಂದಿಲ್ಲ;
ಅವನ ಬೆನ್ನೂ ಇನ್ಯಾರಿಗೋ ತೆರೆದೇ ಇತ್ತಲ್ಲ.
ತಟ್ಟೆಯಡಿಯ ಅಯಸ್ಕಾಂತಕ್ಕೆ ಮಾತ್ರ
ಒಬ್ಬನೇ ಸಾಕ್ಷಿ.

ಹೀಗಂದುಕೊಂಡು ಹಗುರಾದೆ. ಆಮೇಲೆ ನೆನಪಾಯಿತು
ಬೇಬಿಯಕ್ಕ ಬಂಗುಡೆಯ ಜತೆ ತೂಗುವ ಹಿಡಿ ಐಸು.
ಕರಗುವ ತನಕ ಅದೂ ಮೀನೇ.
ನವಾಫ್ ಒಡೆದ ಐಸೇ ಇರಬಹುದು.
ಇಪ್ಪತ್ತೆರಡು ವರ್ಷದಿಂದ ಅದನ್ನು
ನಾನು ನೋಡಿಯೂ ನೋಡಿಲ್ಲ.

ದೂರು ಕೊಡುವ ಗುಂಡಿ ಕೆಂಪು.
ಹನ್ನೊಂದು ದಿನ ಒತ್ತಲಿಲ್ಲ.
ಕರುಣೆಯಿಂದ ಎಂದು ಬರೆದರೆ ಅದು ಕಳ್ಳತೂಕ:
ಇನ್ನೆರಡು ಗೆದ್ದರೆ ವಜ್ರದ ಪಟ್ಟಿ ಸಿಗುವುದಿತ್ತು.
ಸಿಕ್ಕಿತು. ಮರುದಿನ ಒತ್ತಿದೆ.
ಪಟ್ಟಿ ಮರಳಿಸುವ ಗುಂಡಿಯನ್ನೂ ಹುಡುಕಿದೆ,
ಅಂಥದ್ದೊಂದು ಇಲ್ಲ.

ನಿನ್ನೆ ಧಕ್ಕೆಯಲ್ಲಿ ಐಸಿನ ಪೆಟ್ಟಿಗೆ ಹೊತ್ತವನೊಬ್ಬ
'ದಾರಿ, ದಾರಿ' ಅಂದ. ಸ್ವರ ಅವನದೇ.
ನನ್ನ ಮುಖ ಅವನು ಕಂಡವನಲ್ಲ.
ಬಾಯಿ ಬಿಟ್ಟರೆ ಗುರುತಾಗುತ್ತದೆಂದು
ಸುಮ್ಮನೆ ಪಕ್ಕಕ್ಕೆ ಸರಿದೆ.
ಹೆಗಲಿಂದ ನೀರು ಸೋರುತ್ತಿತ್ತು, ನನ್ನ ಚಪ್ಪಲಿಯವರೆಗೆ.

ಈ ರಾತ್ರಿ ನಾವು ಮೂವರೇ.
ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೇನೆ.
ಆಚೆ ಹೆಜ್ಜೆ. ಒಬ್ಬನದೋ, ಇಬ್ಬರದೋ.
'ಎಷ್ಟು ಜನ ಅಕ್ಕ?'
ಕಾಣೆ, ಅನ್ನುತ್ತೇನೆ.
ಯಾರೂ ನಗುವುದಿಲ್ಲ.