ಐದನೇ ಸಾಲು

ಸೌಮ್ಯ ಸಂವತ್ಸರದ ಮಾಗಿ. ಜಾವಗಲ್ಲಿನ ಕಡೆಯಿಂದ
ಎರಡು ಕಮಾನು ಗಾಡಿ ಮಾಳೇಗೆರೆಗೆ ಇಳಿದಾಗ
ಪ್ಲೇಗಿನ ಸೂಜಿಯವರು ಬಂದರೆಂದು
ಊರಿಗೆ ಊರೇ ಜೋಳದ ಹೊಲ ಹೊಕ್ಕಿತು.
ಉಳಿದವಳು ಮಡಿವಾಳರ ಗಿರಿಯವ್ವ.
ಏಳು ತಿಂಗಳ ಹೊಟ್ಟೆ; ಮೇಲಾಗಿ
ಉಬ್ಬೆಗೆ ಹಾಕಿದ ಬಟ್ಟೆ ಬಿಟ್ಟು ಓಡುವುದು ಹೇಗೆ?

ಬಂದವರು ಕಲ್ಲು ಓದುವ ಇಲಾಖೆಯವರು:
ಜರಿ ರುಮಾಲಿನ ಪಂಡಿತರು,
ಕಾಗದದ ಸುರುಳಿ ಹೊತ್ತ ಪಿಂಜಾರ ಮದಾರಸಾಬ.
"ಈ ಕಲ್ಲು ತೊಳೀಬೇಕಮ್ಮ."
"ಇನ್ನೇನು ತೊಳೀತೀರಿ ಬುದ್ಧಿ,
ನಮ್ಮತ್ತೆಯೋರ ಕಾಲದಿಂದ ಅದೇ ತಾನೆ ಮಾಡಿರೋದು.
ಇಷ್ಟು ಮಡಿಯಾದ ಕಲ್ಲು ಗುಡೀಲೂ ಇಲ್ಲ."

ಗಿರಣಿ ನೂಲು ಬಂದು, ಹತ್ತಿ ಎಕ್ಕುವ ಬಿಲ್ಲು ಅಟ್ಟ ಸೇರಿದ ಮೇಲೆ
ದಿನಕ್ಕೆ ನಾಕಾಣೆಗೆ ಕಲ್ಲಿನ ಹಿಂದೆ ಬಿದ್ದವನು ಸಾಬ.
ಒದ್ದೆ ಕಾಗದ ಹಾಸಿ ಬ್ರಷ್ಷಿನಲ್ಲಿ ಬಡಿದ.
ಮೈಗಂಟಿದ ಪಂಚೆಯ ಹಾಗೆ ಅದು ಗುಳಿಗುಳಿಗೆ ಇಳಿಯಿತು.
ಹತ್ತಿಯುಂಡೆಗೆ ಮಸಿ ತಾಗಿಸಿ ತಟ್ಟಿದ;
ಮಿಕ್ಕದ್ದೆಲ್ಲ ಕಪ್ಪಾಗಿ, ಅಕ್ಷರವಷ್ಟೇ ಬೆಳ್ಳಗೆ.

"ತುರುವಂ ಮಗುಳ್ಚಿ ಸುರಲೋಕಕ್ಕೆ ಸಂದ..."
"ದನ ಬಿಡಿಸೋಕೋಗಿ ಸತ್ನಾ? ಯಾರಂತೆ?"
"ಹೆಸರು ಸವೆದಿದೆ."
"ಎಂಡ್ರಿಗೇನು ಕೊಟ್ರಂತೆ?"
"ತೂಬಿನ ಕೆಳಗೆ ಹತ್ತು ಕೊಳಗ ಗದ್ದೆ."
ತೂಬಿನ ಕೆಳಗೆ ಪಟೇಲರ ಭತ್ತದ ಕೂಳೆ.
ಗಿರಿಯವ್ವ ನಕ್ಕಳಂತೆ, ಹೊಟ್ಟೆ ಹಿಡಿದುಕೊಂಡು.

ಪಂಡಿತರು ಊಟಕ್ಕೆ ಎದ್ದಾಗ
ಸಾಬ ಕಣ್ಣು ಮುಚ್ಚಿ ಸವೆದ ಜಾಗಕ್ಕೆ ಬೆರಳಿಟ್ಟ.
ಓದು ಬಾರದವನು. ಆದರೆ ಆರು ವರ್ಷ, ನೂರಾರು ಕಲ್ಲು:
ಅವನ ಬೆರಳಿಗೆ ಹಳಗನ್ನಡ ಬರುತ್ತಿತ್ತು.
"ಬೂ" ಎಂದ. ತಡೆದು, "ಚಿ".
ಎಷ್ಟೋ ಹೊತ್ತಾದ ಮೇಲೆ, "ಗ".

ಕೈತೊಳೆದು ಬಂದ ಪಂಡಿತರು ಕಾಗದ ಬೆಳಕಿಗೆ ಹಿಡಿದರು. ಬರೀ ಕಪ್ಪು.
"ಕಾಗದ ಹೇಳದ್ದನ್ನು ನಾನು ಹೇಳೋ ಹಾಗಿಲ್ಲ, ಸಾಬ್."
ರಿಪೋರ್ಟಿನಲ್ಲಿ ಹಾಗೇ ಅಚ್ಚಾಗಿದೆ,
ಐದನೇ ಸಾಲು: ಚುಕ್ಕಿ, ಚುಕ್ಕಿ, ಚುಕ್ಕಿ.

ಚೈತ್ರದಲ್ಲಿ, ಬಾಲದ ಚುಕ್ಕಿ ಮೂಡಿದ ವರ್ಷ,
ಊರಿನ ಕರಿಯ ತಿಮ್ಮ ರಂಗರ ನಡುವೆ
ಒಬ್ಬ ಬೂಚಿಗ ಹುಟ್ಟಿದ. ನನ್ನಜ್ಜ.
ಇದೆಂಥ ಹೆಸರೋ ಎಂದು ಮೇಷ್ಟರು ಪುಟ್ಟಯ್ಯ ಎಂದು ಬರೆದುಕೊಂಡರು.
ಹುಡುಗರು ಬೂಸಾ ಎಂದರು.
ಅವನು ಯಾರ ದನವನ್ನೂ ಬಿಡಿಸಿ ತಂದವನಲ್ಲ,
ಒಮ್ಮೆ ದೊಡ್ಡಿಗೆ ಬಿದ್ದಿದ್ದ ತನ್ನದೇ ಕತ್ತೆಯನ್ನು ಬಿಟ್ಟರೆ,
ಅದೂ ಆರಾಣೆ ದಂಡ ಕಟ್ಟಿ.

ಹೋದ ತಿಂಗಳು ನಾನೂ ಹೋಗಿದ್ದೆ.
ಕಲ್ಲು ಅಲ್ಲೇ ಇದೆ, ಕೆರೆಯೇರಿಯ ಪಕ್ಕ.
ಕಣ್ಣು ಮುಚ್ಚಿ ಬೆರಳಿಟ್ಟೆ. ನುಣುಪು. ಬಿಸಿಲಿಗೆ ಕಾದಿತ್ತು.
ಸಾಬ ನಿಜಕ್ಕೂ ಓದಿದನೋ,
ಬಸುರಿ ಕೇಳಿದಳಲ್ಲ, ಇಲ್ಲವೆನ್ನುವುದು ಹೇಗೆಂದು
ಮೂರಕ್ಷರ ಅವಳ ಮಡಿಲಿಗೆ ಹಾಕಿದನೋ,
ಎಂದುಕೊಳ್ಳುತ್ತಿರುವಾಗ
ಬಕೆಟ್ಟು ಹಿಡಿದ ಹುಡುಗಿಯೊಬ್ಬಳು ಬಂದು
"ವಸಿ ಸರೀರಿ ಅಣ್ಣ, ಕಂಬಳಿ ಐತೆ" ಎಂದಳು.

ಸರಿದೆ.