ತಾಮ್ರದ ಬಿಲ್ಲೆ

ತಿಂಗಳಿಗೆ ನಲವತ್ತು ಲೀಟರು.
ಲೆಕ್ಕ ನನ್ನದು, ಸಿಟ್ಟು ದೊರೊನ್‌ಬೆಕ್‌ನದು.
ಕರಾ-ಕೆಚೆಯ ಗಣಿಯಲ್ಲಿ ಕಲ್ಲಿದ್ದಲು ಹೇರಿ
ನಾರಿನ್ ಮುಟ್ಟುವಷ್ಟರಲ್ಲಿ
ಟ್ಯಾಂಕಿಗೆ ಇಳಿಬಿಟ್ಟ ಕೋಲು
ಪ್ರತಿ ಸಲವೂ ಎರಡು ಬೆರಳು ಕಡಿಮೆ ಹೇಳುತ್ತಿತ್ತು.

ಅಂಗಳದಲ್ಲಿ ಒಂದು ಹನಿಯ ಕಲೆಯಿಲ್ಲ,
ಹಿಮದ ಮೇಲೆ ಬರೀ ಕೋಳಿಯ ಹೆಜ್ಜೆ.
ನೆಲ ಕುಡಿದಿಲ್ಲ ಅಂದಮೇಲೆ
ಮನುಷ್ಯರೇ ಕುಡಿದಿರಬೇಕು ಅಂದ ಗಂಡ.
ಕೈಗೆ ಸಿಗುವ ಮನುಷ್ಯ ಒಬ್ಬನೇ,
ಕ್ಲೀನರ್ ತಿಲೆಕ್, ಹತ್ತೊಂಬತ್ತರ ಹುಡುಗ,
ಯಾವಾಗಲೂ ಕಿಸೆಯಲ್ಲಿ ಒಣಮೊಸರಿನ ಉಂಡೆ.
ಹೋಗು ಅಂದಾಗ ವಾದಿಸಲಿಲ್ಲ.
ಎಡಗಡೆ ಹಿಂದಿನ ಟೈರಿಗೆ ಗಾಳಿ ಕಮ್ಮಿಯಿದೆ,
ನೋಡಿಕೊಳ್ಳಿ ಅಂದ. ಹೋದ.

ಅವನು ಹೋದಮೇಲೂ ಎರಡು ಬೆರಳು ಕಡಿಮೆ.
ಮೇಲಾಗಿ ಈಗ ಮುಂಜಾನೆ ಗಾಡಿ ಏಳುವುದೇ ಇಲ್ಲ.
ಕೆಮ್ಮುತ್ತದೆ, ಬಿಳಿ ಹೊಗೆ ಉಗುಳುತ್ತದೆ,
ನನ್ನ ವಯಸ್ಸಿನದೇ ಕಮಾಜ್,
ಮತ್ತೆ ಮಲಗುತ್ತದೆ.
ಎಂಜಿನ್ ಇಳಿಸಬೇಕು ಅಂತ ಗಂಡ.
ಇಲಿ ಹಿಡಿಯಲು ಗುಡ್ಡ ಅಗೆಯುವ ಜಾತಿ ಅವನದು.

ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪ
ಹೇಳುತ್ತಿದ್ದ ಮಾತೊಂದು ನನಗೆ ನೆನಪಿತ್ತು:
ಎಣ್ಣೆ ಹೊರಗೆ ಹೋಗುವ ಬಾಗಿಲಲ್ಲೇ
ರಾತ್ರಿ ಗಾಳಿ ಒಳಗೆ ಬರುತ್ತದೆ.

ಕ್ಯಾಬಿನ್ ಬಾಗಿಸಿದೆವು,
ನಮಾಜಿಗೆ ಬಗ್ಗಿದ ಮುದುಕನ ಹಾಗೆ ಅದು ಕಿರುಗುಟ್ಟಿತು.
ಎಂಜಿನ್ನಿನ ಬೆನ್ನ ಹಿಂದೆ, ಫಿಲ್ಟರಿನ ಸಂದಿನಲ್ಲಿ,
ಅವನ ಮುಷ್ಟಿ ಹೋಗುವುದಿಲ್ಲ.
ನನ್ನದು ಹೋಗುತ್ತದೆ,
ಅಡ್ಡ ನಿಂತ ಕುರಿಮರಿಯನ್ನು
ಒಳಗೇ ತಿರುಗಿಸಿ ಗೊತ್ತಿರುವ ಕೈ.
ಪೆಟ್ರೋಲಿನ ಬಟ್ಟೆಯಿಂದ ಒಂದೊಂದೇ ಪೈಪು ಒರೆಸಿದೆ.
ಮೂವತ್ತು ವರ್ಷದ ಮಸಿ ಬಿಟ್ಟು
ಅಡಿಯಲ್ಲಿದ್ದ ಹಸಿರು ಬಣ್ಣ ಕಂಡಿತು.
ಒಣಗಿದ ಮೇಲೆ ಮಗುವಿನ ಪೌಡರ್ ಡಬ್ಬಿ ತಂದು
ಮೇಲಿಂದ ಉದುರಿಸಿದೆ.
ಅದೇನು, ಅದನ್ನೂ ತೊಟ್ಟಿಲಿಗೆ ಹಾಕುತ್ತೀಯಾ ಅಂದ.
ಸ್ಟಾರ್ಟ್ ಮಾಡು ಅಂದೆ.

ಹತ್ತು ನಿಮಿಷ ಏನೂ ಇಲ್ಲ.
ಬಿಳಿ, ಬಿಳಿ, ನಡುಗುವ ಬಿಳಿ,
ಸುಡುವ ಲೋಹದ ಮೇಲೆ ತೊಟ್ಟಿಲ ವಾಸನೆ.
ಆಮೇಲೆ ಪೈಪಿನ ಕತ್ತಿನಲ್ಲಿ
ಸಾಸಿವೆಯಷ್ಟು ಬೂದು ಚುಕ್ಕೆ.
ಕಣ್ಣೆದುರೇ ಅಗಲವಾಯಿತು,
ಗೆರೆಯಾಯಿತು, ನಡೆಯತೊಡಗಿತು,
ಗೇರ್‌ಬಾಕ್ಸಿನ ಬೆನ್ನೇರಿ
ಕಲ್ಲಿದ್ದಲ ಧೂಳಿನೊಳಗೆ ಇಂಗಿಹೋಯಿತು.
ಓಡುವಾಗ ಮಾತ್ರ ಸೋರುವುದು.
ದಾರಿಯ ಗಾಳಿಯೇ ಒರೆಸಿಬಿಡುವುದು.
ನಿಂತರೆ ಪರಮ ಸಾಧು.

ಗಂಡ ನೋಡಿದ. ಟೊಪ್ಪಿ ತೆಗೆದ. ಮತ್ತೆ ಹಾಕಿಕೊಂಡ.

ಬೋಲ್ಟು ಬಿಚ್ಚಿದರೆ ಅಂಗೈಗೆ ಬಿತ್ತು
ಕಿರುಬೆರಳ ಉಗುರಷ್ಟು ತಾಮ್ರದ ಬಿಲ್ಲೆ, ಸವೆದು, ಗಟ್ಟಿಯಾಗಿ.
ಹೊಸದು ನಾರಿನ್ನಿನಲ್ಲಿ,
ಅಲ್ಲಿಗೆ ಹೋಗಲು ಬೇಕಾದ ಗಾಡಿ ಇಲ್ಲಿ.
ಒಲೆಯ ಕೆಂಡದಲ್ಲಿಟ್ಟೆ.
ಉಕ್ಕು ಕಾಯಿಸಿ ನೀರಿಗದ್ದಿದರೆ ಇನ್ನೂ ಬಿಗಿಯುತ್ತದೆ;
ತಾಮ್ರ ಹಾಗಲ್ಲ,
ಕೆಂಪಗಾಗಿ, ಚುಂಯ್ ಎಂದು ಮುಳುಗಿ,
ಮೆತ್ತಗಾಗಿ ಮೇಲೆ ಬರುತ್ತದೆ.
ಇಕ್ಕಳದಲ್ಲಿ ಎತ್ತುವಾಗ ಗಂಡನ ಕಡೆ ನೋಡಿದೆ.
ನೋಡಬಾರದಿತ್ತೇನೋ.

ಕೈಪಂಪು ಒತ್ತಿದ. ನಾನು ಎಣಿಸಿದೆ.
ಇಪ್ಪತ್ತಕ್ಕೆ ನೊರೆ. ಮೂವತ್ತಕ್ಕೆ ನೊರೆ.
ನಲವತ್ತೊಂದಕ್ಕೆ ಗುಳ್ಳೆಯಿಲ್ಲದ ಎಣ್ಣೆ.
ಕೀಲಿ ತಿರುವಿದ್ದೇ ತಡ, ಎದ್ದಿತು.

ಗಣಿಯ ಕಡೆ ತಿರುಗಲಿಲ್ಲ ಅವನು.
ಕೆಳಗಿನ ಕೇರಿಯಲ್ಲಿ ನೀಲಿ ಗೇಟಿನ ಮುಂದೆ ನಿಲ್ಲಿಸಿ
ಎಂಜಿನ್ ಆರಿಸದೆ
ಸ್ಟಿಯರಿಂಗ್ ಹಿಡಿದೇ ಕೂತ.
ಹಾರ್ನ್ ಮಾಡು ಅಂದೆ. ಮಾಡಲಿಲ್ಲ.

ತಿಲೆಕ್ ಸದ್ದಿಗೇ ಹೊರಬಂದ.
ನಮ್ಮ ಮುಖ ನೋಡಲಿಲ್ಲ,
ಬಗ್ಗಿ, ಗಾಡಿಯ ಕೆಳಗೆ ನೋಡಿದ.
ಹಿಂದಿನ ಟೈರನ್ನು ಒಮ್ಮೆ ಒದ್ದ.
ಎಲ್ಲಿತ್ತು, ಅಂತ ಕೇಳಿದ.