ಎಡಗೈ ಗಂಟು

ಮೂರು ಬ್ಯಾಟರಿ ನುಂಗೇದ್ರಿ ಈ ಗಾಡಿ, ಅಂದ
ಜಿನ್ನಿಂಗ್ ಮಿಲ್ಲಿನ ಬಸವಂತರೆಡ್ಡಿ.
ರಾತ್ರಿ ನಿಲ್ಲಿಸಿದ್ರ ಮುಂಜಾನಿಗೆ ಉಸುರಿರಂಗಿಲ್ಲ,
ಸ್ಟೇಶನ್ ರೋಡಿನಾಗ ಎಡಕ್ಕ ಹೊರಳಿದ್ರ
ಕೇಳಲಾರದನ ಹಾರ್ನ್ ಹೊಡೀತದ.
ಡೈನಮೋ ಬದಲಾತು, ಕಟೌಟ್ ಬದಲಾತು,
ಒಬ್ಬಾಂವ ಲಿಂಬಿಹಣ್ಣು ಕಟ್ಟಿ ಹೋದ.

ಲ್ಯಾಂಡ್‌ಮಾಸ್ಟರ್. ನನಗಿಂತ ಎಂಟು ವರ್ಷ ಹಿರೇದು.
ತೀನ್ ಕಂದೀಲಿನ ಬಿಸಲಿಗೆ
ಬಾನೆಟ್ಟು ರೊಟ್ಟಿ ಹಂಚಾಗಿತ್ತು.

ಹಾರ್ನಿಂದು ಸಣ್ಣದು. ಸ್ಟೇರಿಂಗ್ ಕೊಳವ್ಯಾಗ ವೈರು ಸವದಿತ್ತು,
ಅರ್ಧ ತಾಸಿನ ಕೆಲಸ.
ಉಳಿದದ್ದಕ್ಕ ಮೊದಲ ಹೇಳಿದೆ:
ಈ ಗಾಡಿಗೆ ಪ್ಲಸ್ಸೇ ಅರ್ತು ನೋಡ್ರಿ.
ಈಗಿನವು ಮೈನಸ್ಸು ಮೈಗೆ ಕಟ್ಟಿಕೊಂಡು ಬರತಾವ,
ಇದು ಉಲ್ಟಾ ಹುಟ್ಟಿದ್ದು, ನನ್ನ ಕೈ ಹಂಗ.

ಅರ್ತ್ ಅಂದ್ರ ಭೂಮಿ, ಅಂತಿದ್ದ ಲಾಲಸಾಬ್ ಉಸ್ತಾದ,
ರಬ್ಬರಿನ ಕಾಲ ಮ್ಯಾಲ ನಿಂತ ಗಾಡಿಗೆ ಎಲ್ಲೀ ಭೂಮಿ?
ತನ್ನ ಮೈಯೇ ತನಗ ಭೂಮಿ.
ಹೋದ ಕರೆಂಟು ತಗಡು ಹಿಡಕೊಂಡು ಮನಿಗೆ ಬರಬೇಕು,
ದಾರ್ಯಾಗ ತುಕ್ಕಿದ್ರ
ಸಿಕ್ಕಸಿಕ್ಕವರ ಬಾಗಲಾ ಬಡೀತದ.

ಬ್ಯಾಟರಿ ಕೊಂಬಿನಿಂದ ಅರ್ತಿನ ಪಟ್ಟಿ ಬಿಚ್ಚಿ
ನಡಕ ಟೆಸ್ಟ್ ಲ್ಯಾಂಪ್ ಇಟ್ಟೆ.
ಕೀಲಿ ಕಿಸೇದಾಗ, ಸ್ವಿಚ್ಚೆಲ್ಲ ಬಂದ್.
ಹತ್ತಬಾರದು.
ಹತ್ತಿತು,
ಬಾಣಂತಿ ಕ್ವಾಣ್ಯಾಗಿನ ಚಿಮಣಿ ಹಂಗ, ಸಣ್ಣಗ, ಕೆಂಪಗ.

ಯಾರೋ ಕದ್ದು ಕುಡೀಲಿಕ್ಕೆ ಹತ್ಯಾರ.
ಫ್ಯೂಜ್ ಕಿತ್ತೆ, ಎರಡೇ ಇರತಾವ. ಹತ್ತೇ ಇತ್ತು.
ಡೈನಮೋದ ವೈರು ಬಿಚ್ಚಿದೆ. ಹತ್ತೇ ಇತ್ತು.
ನೂಲು ಸುತ್ತಿದ ವೈರು, ಬಣ್ಣ ಹೋಗಿ ಎಲ್ಲಾ ಒಂದೇ ಮಣ್ಣು,
ಕಂದು ಯಾವುದು, ಹಸರು ಯಾವುದು,
ಉಗುಳು ಹಚ್ಚಿ ತಿಕ್ಕಿ ಕೇಳಬೇಕು.

ಹೊತ್ತು ಇಳೀತು. ಬ್ಯಾಸರಾಗಿ ರೆಡ್ಡಿ
ಹಿಂದಿನ ಬಾಗಲಾ ದಪ್ ಅಂತ ಹಾಕಿದ.
ದೀಪ ಕಣ್ಣು ಹೊಡೀತು.

ಮತ್ತೊಮ್ಮೆ ಹಾಕ್ರಿ.
ಹಾಕಿದ.
ಮತ್ತ.

ಹಿಂದಿನ ಸೀಟು ಎತ್ತಿದೆ. ಹತ್ತಿಬೀಜ, ಒಂದು ಚಾರಾಣೆ,
ಜಮಖಾನದ ಕೆಳಗ ಒಂದು ವೈರು
ಎಲ್ಲಿಗೂ ಹೋಗಲಾರದ್ದು.
ಬಟ್ಟಿ ಟೇಪು ಉಳ್ಳಾಗಡ್ಡಿ ಸಿಪ್ಪಿ ಹಂಗ ಉದುರಿ
ಬರೇ ತಾಮ್ರ ತುಕ್ಕಿಗೆ ಮೈ ತಿಕ್ಕತಿತ್ತು.
ಬ್ಯಾಟರಿ ಹಾಕಿ ಗಂಟು ನೋಡಿದೆ.
ಊರ ಮಂದೆಲ್ಲ ಬಲಕ್ಕ ಹೊಸೀತಾರ.
ಇದು ಎಡಕ್ಕ.

ಎಪ್ಪತ್ತೊಂಬತ್ತರ ಬ್ಯಾಸಗಿ, ನನಗ ಹದಿನಾಲ್ಕು.
ಇವನಜ್ಜಿ ಶಿವಲೀಲಮ್ಮ, ಸೆಕಿ ತಾಳಲಾರದಾಕಿ,
ಗಬ್ಬೂರಿಗೆ ಹೋಗಾಕ ಗಾಳಿ ಬೇಕಂದಿದ್ದಳು.
ಉಸ್ತಾದ ಊಟಕ್ಕ ಹೋಗಿದ್ದ,
ಸಣ್ಣ ಫ್ಯಾನು ನಾನ ಕೂಡಿಸಿದೆ,
ಫ್ಯೂಜ್ ದಾಟಿಸಿ, ನೇರ ಬ್ಯಾಟರಿಯಿಂದ ಎಳದು.
ಅಕಿ ಕಣ್ಣು ಮುಚ್ಚಿಕೊಂಡು ಗಾಳಿಗೆ ಮೋತಿ ಒಡ್ಡಿ
ಎಂಟಾಣೆ ಕೊಟ್ಟಳು.
ಉಸ್ತಾದ ಬಂದು ನೋಡಿ, ಪಕ್ಕಡದಿಂದ ಕೈಗೆ ಬಾರಿಸಿದ:
ಎಡಗೈ ಗಂಟು, ತಾನ ಬಿಚ್ಚತದ.

ಫ್ಯಾನು ಯಾವಾಗೋ ಹೋಗೇದ. ಅಕಿ ಹೋದಳು, ಉಸ್ತಾದನೂ.
ಗಂಟು ಬೆರಳಿನಿಂದ ಜಗ್ಗಿದೆ. ಪಕ್ಕಡ ಹಚ್ಚಿ ಜಗ್ಗಿದೆ.
ಬಿಚ್ಚಲಿಲ್ಲ.
ಟೇಪು ಸೋತದ, ಉಸ್ತಾದ. ಗಂಟಲ್ಲ.

ಯಾವ ಮಗ ಮಾಡಿದ್ದು ಈ ಕೆಲಸ, ರೆಡ್ಡಿ ಕೇಳಿದ.
ಯಾವನೋ ಹುಡುಗ, ಅಂದೆ.
ಮೂರು ಬ್ಯಾಟರಿ ರೊಕ್ಕ ತಲ್ಯಾಗ ಕೂಡಿಸಿ
ಮಜೂರಿ ಇನ್ನೂರು ಕಡಿಮಿ ಹೇಳಿದೆ.
ಅಂವ ಅದರಾಗೂ ಐವತ್ತು ಮುರಕೊಂಡ.

ಪಟ್ಟಿ ತಿರುಗಿ ಬಿಗಿಯೋದರಾಗ ಬಜಾರಿನ ಕರೆಂಟು ಹೋತು.
ಅಲ್ಲೇ ಶಕ್ತಿನಗರದಾಗ ಹೊಗಿ ಉಗುಳಿ
ಊರೂರಿಗೆ ಕರೆಂಟು ಕಳಸತಾರ,
ತೀನ್ ಕಂದೀಲಿನಾಗ ಒಂದು ಕಂದೀಲೂ ಇಲ್ಲ.
ಹೆಡ್‌ಲೈಟ್ ಹಾಕಿದೆ. ಹಳದಿ ಬೆಳಕು
ಮಿರ್ಚಿ ಬಂಡಿಯ ಖಾಸಿಂಬಿಯ ಬಾಣಲಿಗೆ ಹೋಗಿ ಬಿತ್ತು.
ಆರಿಸಬ್ಯಾಡ ಹುಲಗಪ್ಪಣ್ಣ, ಎಣ್ಯಾಗ ಬಿಟ್ಟೀನಿ,
ಈ ಒಂದು ಘಾಣಿ ತಗದುಬಿಡತೀನಿ, ಅಂದಳು.

ಅಮ್ಮೀಟರಿನ ಮುಳ್ಳು ಕಳಿಯೋ ಕಡಿಗೆ ವಾಲಿತ್ತು.
ರೆಡ್ಡಿಗೆ ಕಾಣಬಾರದಂತ
ಎಡಗೈ ಅಡ್ಡ ಇಟ್ಟು ಕುಂತೆ.